ಕ್ಲೈಂಟ್ ವೆಬ್‌ಸೈಟ್ ಬೇಗ ಮುಗಿಯಬೇಕಾ? ಬಿಲ್ಡರ್, ವರ್ಡ್‌ಪ್ರೆಸ್, ಸ್ಟಾಟಿಕ್ ಸೈಟ್: ಯಾವ ಕೆಲಸಕ್ಕೆ ಯಾವುದು

ವೆಬ್‌ಸೈಟ್ ಬೇಗ ಕಟ್ಟಲು ಯಾವ ಟೂಲ್ ಒಳ್ಳೆಯದು ಎಂದು ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಅವರವರ ಮಟ್ಟಿಗೆ ಎಲ್ಲರ ಮಾತೂ ಸರಿಯೇ. ಅವರು ಹೇಳುತ್ತಿರುವುದು ಪುಟ ಕಟ್ಟುವ ವೇಗದ ಬಗ್ಗೆ. ಆದರೆ ಕ್ಲೈಂಟ್ ಕೆಲಸದಲ್ಲಿ ಪುಟ ಕಟ್ಟುವುದು ಒಂದು ಭಾಗ ಅಷ್ಟೆ. ಬರಹ, ಫೋಟೋ ಬರುವವರೆಗೆ ಕಾಯಬೇಕು. ಬಂದ ಮೇಲೆ ಮತ್ತೆ ಮತ್ತೆ ತಿದ್ದಬೇಕು. ಡೊಮೈನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಹುಡುಕಬೇಕು. ಸೈಟ್ ಒಪ್ಪಿಸಿ ಆರು ತಿಂಗಳಾದ ಮೇಲೆ "ಫಾರ್ಮ್ ಕೆಲಸ ಮಾಡ್ತಿಲ್ಲ" ಎಂದು ಫೋನ್ ಬರುತ್ತದೆ. ಇದೆಲ್ಲ ಸೇರಿಯೇ ಒಂದು ಸೈಟಿಗೆ ಹಿಡಿಯುವ ಸಮಯ.

ಹಾಗಾಗಿ ಕೆಲಸ ಒಪ್ಪಿಕೊಂಡ ದಿನದಿಂದ ಸೈಟ್ ಒಂದೆರಡು ವರ್ಷ ಓಡುವವರೆಗಿನ ಲೆಕ್ಕ ಇಟ್ಟುಕೊಂಡು ಹೋಲಿಸೋಣ. ಆ ಲೆಕ್ಕದಲ್ಲಿ ಕೆಲವು ವೇಗದ ದಾರಿಗಳು ನಿಧಾನವಾಗಿಬಿಡುತ್ತವೆ.

ಒಪ್ಪಿಸಿದ ಮೇಲೆ ತಿದ್ದುವವರು ಯಾರು?

ಟೂಲ್ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ ಎಂದರೂ ತಪ್ಪಿಲ್ಲ. ಸೈಟನ್ನು ಮುಟ್ಟಲೇ ಬೇಡ ಎನ್ನುವ ಕ್ಲೈಂಟ್ ಇದ್ದಾರೆ. ತಿಂಗಳಿಗೊಮ್ಮೆ ದರ, ಸಮಯ, ಫೋಟೋ ಬದಲಿಸುವವರು ಇದ್ದಾರೆ. ದಿನಾ ಏನಾದರೂ ಹಾಕುವವರೂ ಇದ್ದಾರೆ. ಈ ಮೂವರಿಗೂ ಒಂದೇ ದಾರಿ ಹಿಡಿದರೆ ಇಬ್ಬರ ಕೆಲಸದಲ್ಲಿ ನಿಮ್ಮ ಸಮಯ ಸುಮ್ನೆ ಸೋರುತ್ತದೆ.

ಕಷ್ಟ ಏನೆಂದರೆ ಮೊದಲ ಮೀಟಿಂಗ್‌ನಲ್ಲಿ ಎಲ್ಲರೂ "ವಾರಕ್ಕೊಂದು ಲೇಖನ ನಾವೇ ಹಾಕ್ತೀವಿ" ಎನ್ನುತ್ತಾರೆ. ಆ ಮಾತನ್ನು ನಂಬಿ ದೊಡ್ಡ ವ್ಯವಸ್ಥೆ ಕಟ್ಟಬೇಡಿ. ಈಗಿನ ಸೈಟ್ ಅಥವಾ ಫೇಸ್‌ಬುಕ್ ಪುಟದಲ್ಲಿ ಅವರು ಕೊನೆಯದಾಗಿ ಏನಾದರೂ ಹಾಕಿದ್ದು ಯಾವಾಗ ಎಂದು ನೋಡಿ. ಎರಡು ವರ್ಷದ ಹಿಂದಿನ ಹಬ್ಬದ ಶುಭಾಶಯವೇ ಕೊನೆಯ ಪೋಸ್ಟ್ ಆಗಿದ್ದರೆ ಉತ್ತರ ಸಿಕ್ಕ ಹಾಗೆಯೇ, ಅಲ್ವಾ?

ವಿಕ್ಸ್, ಸ್ಕ್ವೇರ್‌ಸ್ಪೇಸ್, ವೆಬ್‌ಫ್ಲೋ: ಎಲ್ಲ ಅವರೇ ನೋಡಿಕೊಳ್ಳುವ ಬಿಲ್ಡರ್‌ಗಳು

ಕೆಲಸ ಮುಗಿಸುವ ವೇಗ ಒಂದನ್ನೇ ನೋಡಿದರೆ ಚಿಕ್ಕ ಸೈಟಿಗೆ ಇವುಗಳನ್ನು ಮೀರಿಸುವುದು ಕಷ್ಟ. ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ), ಎಸ್‌ಎಸ್‌ಎಲ್ (ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ವ್ಯವಸ್ಥೆ), ಅಪ್‌ಡೇಟ್, ಫಾರ್ಮ್ ಎಲ್ಲ ಅವರದೇ. ನೀವು ಸರ್ವರ್ ಕಡೆ ತಲೆ ಹಾಕುವುದೇ ಬೇಡ. ಕೆಲಸ ಮುಗಿದ ಮೇಲೆ ಸೈಟಿನ ಒಡೆತನವನ್ನು ಕ್ಲೈಂಟ್ ಖಾತೆಗೆ ವರ್ಗಾಯಿಸುವ ಸೌಲಭ್ಯವೂ ಇದೆ. ಬಿಲ್ ನೇರವಾಗಿ ಅವರಿಗೇ ಹೋಗುತ್ತದೆ. ವರ್ಷ ವರ್ಷ ಹಣ ಕೇಳುವ ಮುಜುಗರ ನಿಮಗಿಲ್ಲ.

ತೊಂದರೆ ಬರುವುದು ಹೊರಗೆ ಹೋಗುವಾಗ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಎತ್ತಿಕೊಂಡು ಬೇರೆ ಹೋಸ್ಟಿಂಗ್‌ಗೆ ಹೋಗಲು ಆಗುವುದಿಲ್ಲ. ಸ್ಕ್ವೇರ್‌ಸ್ಪೇಸ್‌ನಿಂದ ವರ್ಡ್‌ಪ್ರೆಸ್‌ಗೆ ಒಯ್ಯುವ ಫೈಲ್ ಸಿಗುತ್ತದೆ, ಆದರೆ ಅದರಲ್ಲಿ ಎಲ್ಲವೂ ಬರುವುದಿಲ್ಲ, ವಿನ್ಯಾಸವಂತೂ ಇಲ್ಲವೇ ಇಲ್ಲ. ವೆಬ್‌ಫ್ಲೋ ಇವುಗಳಿಗಿಂತ ಮೇಲು. ಹಣ ಕೊಡುವ ಪ್ಲಾನ್ ಇದ್ದರೆ ಕೋಡ್ ಇಳಿಸಿಕೊಳ್ಳಬಹುದು. ಆದರೆ ಹಾಗೆ ಇಳಿಸಿದ ಕೋಡ್‌ನಲ್ಲಿ ಫಾರ್ಮ್ ಕೆಲಸ ಮಾಡುವುದಿಲ್ಲ, ಸಿಎಂಎಸ್‌ನಲ್ಲಿದ್ದ (ಬರಹ ಹಾಕಿ ತಿದ್ದುವ ವ್ಯವಸ್ಥೆಯಲ್ಲಿದ್ದ) ಲೇಖನಗಳು ಆ ಪುಟಗಳಲ್ಲಿ ಕಾಣುವುದಿಲ್ಲ.

ಇದನ್ನು ಕ್ಲೈಂಟ್‌ಗೆ ಮೊದಲೇ, ಬರಹದಲ್ಲಿ ಹೇಳಿಬಿಡಿ. "ಮುಂದೆ ಬೇರೆ ಕಡೆ ಹೋಗಬೇಕೆಂದರೆ ಹೊಸದಾಗಿ ಕಟ್ಟಬೇಕಾಗುತ್ತದೆ" ಎಂಬ ಒಂದು ಸಾಲು ಸಾಕು. ನಾಲ್ಕೈದು ಪುಟದ ಸೈಟಿಗೆ ಇದು ದೊಡ್ಡ ವಿಷಯವೇ ಅಲ್ಲ, ಹೇಗೂ ಕೆಲವು ವರ್ಷಕ್ಕೆ ಹೊಸದು ಮಾಡಿಸುತ್ತಾರೆ. ಮುನ್ನೂರು ಲೇಖನ ಇರುವ ಸೈಟಿಗೆ ಅದೇ ಮಾತು ಹೇಳಲು ಬರುವುದಿಲ್ಲ.

ಇನ್ನೊಂದು ಸಣ್ಣ ಎಚ್ಚರಿಕೆ. ಈ ಬಿಲ್ಡರ್‌ಗಳಲ್ಲಿ ಇಲ್ಲದ ಸೌಲಭ್ಯವನ್ನು ಹಟ ಹಿಡಿದು ತರಲು ಹೋದಾಗಲೇ ಉಳಿದ ಸಮಯ ಎಲ್ಲ ಕರಗುತ್ತದೆ. ಕ್ಲೈಂಟ್ ಕೇಳಿದ ಪಟ್ಟಿಯಲ್ಲಿ ಒಂದಾದರೂ "ಇದನ್ನ ಹೇಗೋ ಮಾಡಬಹುದು" ಎನ್ನುವ ಬಗೆಯದು ಇದ್ದರೆ, ಒಪ್ಪಿಕೊಳ್ಳುವ ಮುಂಚೆ ಅದೊಂದನ್ನೇ ಮಾಡಿ ನೋಡಿ.

ಆನ್‌ಲೈನ್ ಅಂಗಡಿ ಬೇಕೆಂದರೆ ಹೆಚ್ಚು ಯೋಚಿಸದೆ ಶಾಪಿಫೈ ನೋಡಿ. ಪಾವತಿ, ತೆರಿಗೆ, ಸ್ಟಾಕ್, ಆರ್ಡರ್ ಇಮೇಲ್ ಇವನ್ನೆಲ್ಲ ನೀವೇ ಜೋಡಿಸಿ, ನೀವೇ ಕಾಯುವ ಕೆಲಸ ತಪ್ಪುತ್ತದೆ. ವರ್ಡ್‌ಪ್ರೆಸ್‌ಗೆ ಅಂಗಡಿ ಸೇರಿಸುವ ವೂಕಾಮರ್ಸ್ ಕೆಟ್ಟದ್ದೇನಲ್ಲ, ಆದರೆ ಅಂಗಡಿ ಮಧ್ಯರಾತ್ರಿ ನಿಂತರೆ ಎದ್ದು ನೋಡುವವರು ನೀವೇ.

ವರ್ಡ್‌ಪ್ರೆಸ್: ಇಲ್ಲಿ ಮೂರು ದಾರಿ ಇದೆ

ಸೈಟ್ ಕಟ್ಟಿ ಬರಹ ತಿದ್ದಲು ಬಳಸುವ ಉಚಿತ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಬಂದದ್ದು 2003ರಲ್ಲಿ. ಇವತ್ತು ಲೋಕದ ವೆಬ್‌ಸೈಟ್‌ಗಳಲ್ಲಿ 40%ಕ್ಕಿಂತ ಹೆಚ್ಚು ಇದರ ಮೇಲೇ ಓಡುತ್ತಿವೆ. ಈ ಅಂಕಿಯಿಂದ ನಮಗೆ ಆಗುವ ಲಾಭ ಒಂದಿದೆ. ಕ್ಲೈಂಟ್‌ನ ಕಚೇರಿಯಲ್ಲಿ ಯಾರಾದರೂ ಒಬ್ಬರು ಇದನ್ನು ಮೊದಲೇ ಬಳಸಿರುತ್ತಾರೆ, ಕಲಿಸುವ ಕೆಲಸ ಅರ್ಧ ಮುಗಿದಿರುತ್ತದೆ. ನೀವು ಕೆಲಸ ಬಿಟ್ಟರೂ ಇನ್ನೊಬ್ಬರು ಸಿಗುತ್ತಾರೆ.

ಆದರೆ "ವರ್ಡ್‌ಪ್ರೆಸ್‌ನಲ್ಲಿ ಮಾಡ್ತೀನಿ" ಎಂದರೆ ಇನ್ನೂ ಏನೂ ಹೇಳಿದಂತಾಗಲಿಲ್ಲ. ರೆಡಿಮೇಡ್ ಥೀಮ್ (ಸೈಟಿನ ರೂಪ ಕೊಡುವ ಫೈಲ್‌ಗಳು), ಪೇಜ್ ಬಿಲ್ಡರ್, ನಿಮ್ಮದೇ ಬ್ಲಾಕ್ ಥೀಮ್, ಈ ಮೂರರ ವೇಗ ಬೇರೆ ಬೇರೆ.

ಮಾರುಕಟ್ಟೆಯ ದೊಡ್ಡ ರೆಡಿಮೇಡ್ ಥೀಮ್‌ಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಡೆಮೊ ಇಂಪೋರ್ಟ್ ಮಾಡಿದ ಹತ್ತು ನಿಮಿಷದಲ್ಲಿ ಸೈಟ್ ಮುಗಿದಂತೆ ಕಾಣುತ್ತದೆ. ಆಮೇಲೆ ಶುರುವಾಗುವುದು ಯಾರೋ ವಾಸವಿದ್ದ ಮನೆ ಖಾಲಿ ಮಾಡುವ ಕೆಲಸ. ಬೇಡದ ಸ್ಲೈಡರ್, ಬೇಡದ ನಲವತ್ತು ಚಿತ್ರ, ಎಲ್ಲಿಂದ ಬಂತೋ ಗೊತ್ತಿಲ್ಲದ ಮೂರು ಪ್ಲಗಿನ್ (ಹೆಚ್ಚಿನ ಸೌಲಭ್ಯ ಸೇರಿಸುವ ಸಾಫ್ಟ್‌ವೇರ್), ಎಷ್ಟು ತೆಗೆದರೂ ಇನ್ನೊಂದು ಉಳಿದಿರುತ್ತದೆ. ಕ್ಲೈಂಟ್ ಡೆಮೊ ನೋಡಿಯೇ "ಇದೇ ಇರಲಿ, ಹೆಸರು ಮಾತ್ರ ಬದಲಿಸಿ" ಎಂದಿದ್ದರೆ ಮಾತ್ರ ಇದು ವೇಗದ ದಾರಿ.

ಎಲಿಮೆಂಟರ್‌ನಂಥ ಪೇಜ್ ಬಿಲ್ಡರ್‌ಗಳು ವಿನ್ಯಾಸಕಾರರಿಗೆ ಇಷ್ಟವಾಗುವುದು ಸಹಜ. ಕಣ್ಣೆದುರಿಗೇ ಎಳೆದು ಜೋಡಿಸಬಹುದು. ಒಂದು ಸೈಟಿನ ಭಾಗವನ್ನು ಉಳಿಸಿಟ್ಟು ಇನ್ನೊಂದರಲ್ಲಿ ಹಾಕಬಹುದು. ಲ್ಯಾಂಡಿಂಗ್ ಪುಟ ನಾಳೆಯೇ ಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಅದೇ ಎಳೆದು ಜೋಡಿಸುವ ಸ್ವಾತಂತ್ರ್ಯ ಕ್ಲೈಂಟ್ ಕೈಗೂ ಹೋಗುತ್ತದೆ. ಒಂದು ಶೀರ್ಷಿಕೆ ದೊಡ್ಡದು ಮಾಡಲು ಹೋಗಿ ಮೊಬೈಲ್‌ನಲ್ಲಿ ಇಡೀ ಪುಟ ಕೆಡುತ್ತದೆ, ಸರಿಮಾಡಲು ನಿಮ್ಮನ್ನೇ ಕರೆಯುತ್ತಾರೆ. ಬಿಲ್ಡರ್ ಪ್ಲಗಿನ್ ತೆಗೆದರೆ ವಿನ್ಯಾಸವೂ ಹೋಗುತ್ತದೆ. ಪುಟದ ತೂಕವೂ ಜಾಸ್ತಿ. ಗೂಗಲ್ ಹೇಳುವ ಅಳತೆಯಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಬರಬೇಕು. ಬಿಲ್ಡರ್‌ನಲ್ಲಿ ಕಟ್ಟಿದ ಭಾರದ ಪುಟವನ್ನು ಕೊನೆಗೆ ಈ ಅಳತೆಗೆ ತರಲು ಕೂತರೆ, ಮೊದಲು ಉಳಿಸಿದ ಎರಡು ದಿನ ಅಲ್ಲಿಗೇ ಸರಿಹೋಗುತ್ತದೆ.

ಮೂರನೆಯದು ನಿಮ್ಮದೇ ಬ್ಲಾಕ್ ಥೀಮ್. ಪುಟವನ್ನು ಬ್ಲಾಕ್ ಎಂಬ ತುಂಡುಗಳಿಂದ ಜೋಡಿಸುವ ಬ್ಲಾಕ್ ಎಡಿಟರ್ 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಜೊತೆ ಬಂದಾಗ ಬೈದುಕೊಂಡವರೇ ಹೆಚ್ಚು. ಈಗಿನ ಸ್ಥಿತಿ ಬೇರೆ. ಬಣ್ಣ, ಅಕ್ಷರ ಗಾತ್ರ, ಅಂತರ ಎಲ್ಲವನ್ನೂ ಥೀಮ್.ಜೇಸನ್ ಎಂಬ ಒಂದೇ ಫೈಲಿನಲ್ಲಿ ಬರೆದಿಡಬಹುದು. ಬೇರೆ ಬಣ್ಣ, ಗಾತ್ರ ಆರಿಸುವ ಅವಕಾಶವನ್ನು ಅದರಲ್ಲೇ ಮುಚ್ಚಿಟ್ಟರೆ ಕ್ಲೈಂಟ್‌ಗೆ ಕಾಣುವುದು ನೀವು ಕೊಟ್ಟ ಐದು ಬಣ್ಣ, ನಾಲ್ಕು ಅಕ್ಷರ ಗಾತ್ರ ಮಾತ್ರ. ಬೇಕೆಂದರೂ ಹದಿನೆಂಟು ಬಗೆಯ ನೀಲಿ ಹಾಕಲು ದಾರಿ ಇರುವುದಿಲ್ಲ. ಪದೇ ಪದೇ ಬೇಕಾಗುವ ಭಾಗಗಳನ್ನು, ಅಂದರೆ ಸೇವೆಗಳ ಪಟ್ಟಿ, ಗ್ರಾಹಕರ ಮಾತು, ಪ್ರಶ್ನೋತ್ತರ, ಸಂಪರ್ಕದ ಪಟ್ಟಿ ಇಂಥವನ್ನು ಪ್ಯಾಟರ್ನ್ ಮಾಡಿ ಇಟ್ಟರೆ ಮುಂದಿನ ಸೈಟಿಗೆ ಆ ಥೀಮ್.ಜೇಸನ್ ಫೈಲ್ ಬದಲಿಸಿದರೆ ಸಾಕು.

ಮೊದಲ ಸೈಟಿಗೆ ಇದು ಎಲ್ಲಕ್ಕಿಂತ ನಿಧಾನ. ಸುಳ್ಳು ಹೇಳುವುದಿಲ್ಲ, ಮೊದಲ ಸಲ ಇದರಲ್ಲಿ ಕೂದಲು ಕಿತ್ತುಕೊಳ್ಳುವಂತಾಗುತ್ತದೆ. ಆದರೆ ಒಂದೇ ಬಗೆಯ ಕ್ಲೈಂಟ್‌ಗಳು ಮತ್ತೆ ಮತ್ತೆ ಬರುತ್ತಿದ್ದರೆ ಇದಕ್ಕಿಂತ ಒಳ್ಳೆಯ ಹೂಡಿಕೆ ಬೇರೆ ಇಲ್ಲ. ವರ್ಷಕ್ಕೆ ಎರಡೇ ಸೈಟ್ ಮಾಡುವವರಿಗೆ ಇದರ ಗೊಡವೆ ಬೇಡ.

ಯಾವ ದಾರಿ ಹಿಡಿದರೂ ಡಬ್ಲ್ಯುಪಿ-ಸಿಎಲ್‌ಐ ಕಲಿಯಿರಿ, ಅಂದರೆ ಆಜ್ಞೆ ಬರೆದು ವರ್ಡ್‌ಪ್ರೆಸ್ ನಡೆಸುವ ಟೂಲ್. ಇನ್‌ಸ್ಟಾಲ್ ಮಾಡುವುದು, ಡೆಮೊ ಪೋಸ್ಟ್ ಅಳಿಸುವುದು, ಪರ್ಮಾಲಿಂಕ್ (ಪುಟಗಳ ವಿಳಾಸದ ರೂಪ) ಬದಲಿಸುವುದು, ನಿಮ್ಮ ಆರೇಳು ಪ್ಲಗಿನ್ ಹಾಕುವುದು, ಹೀಗೆ ಪ್ರತಿ ಸಲ ಮೌಸ್ ಹಿಡಿದು ಮಾಡುವ ಕೆಲಸವನ್ನೆಲ್ಲ ಒಂದು ಸ್ಕ್ರಿಪ್ಟ್‌ನಲ್ಲಿ ಬರೆದಿಡಬಹುದು. ಸೈಟನ್ನು ಪರೀಕ್ಷಾ ವಿಳಾಸದಿಂದ ನಿಜವಾದ ವಿಳಾಸಕ್ಕೆ ತರುವಾಗ ಅದರ ಸರ್ಚ್-ರಿಪ್ಲೇಸ್ ಆಜ್ಞೆಯನ್ನೇ ಬಳಸಿ. ಡೇಟಾಬೇಸ್ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ವಿಳಾಸ ಬದಲಿಸಿದರೆ ಸೀರಿಯಲೈಸ್ ಆದ (ಅಕ್ಷರಗಳ ಎಣಿಕೆಯ ಜೊತೆ ಉಳಿಸಿದ) ಡೇಟಾದಲ್ಲಿ ಅಕ್ಷರಗಳ ಲೆಕ್ಕ ತಪ್ಪಿ ವಿಜೆಟ್, ಸೆಟ್ಟಿಂಗ್ ಮಾಯವಾಗುತ್ತವೆ. ಈ ಆಜ್ಞೆ ಆ ಲೆಕ್ಕವನ್ನೂ ಸರಿಮಾಡುತ್ತದೆ.

ಸ್ಟಾಟಿಕ್ ಸೈಟ್: ಹೂಗೋ, ಇಲೆವೆಂಟಿ, ಆಸ್ಟ್ರೋ

ಈ ಮೂರು ಟೂಲ್‌ಗಳಲ್ಲಿ ಪುಟಗಳೆಲ್ಲ ಮೊದಲೇ ತಯಾರಾಗಿ ಸಾದಾ ಎಚ್‌ಟಿಎಂಎಲ್ ಫೈಲ್ ಆಗಿರುತ್ತವೆ. ಡೇಟಾಬೇಸ್ ಇಲ್ಲ, ಲಾಗಿನ್ ಪುಟ ಇಲ್ಲ, ಅಪ್‌ಡೇಟ್ ಮಾಡದೆ ಬಿಟ್ಟ ಪ್ಲಗಿನ್ ಮೂಲಕ ಯಾರಾದರೂ ಒಳಗೆ ನುಗ್ಗುವ ಭಯ ಇಲ್ಲ. ಒಪ್ಪಿಸಿದ ಮೇಲೆ ನಿಮ್ಮನ್ನು ಅತಿ ಕಡಿಮೆ ಕಾಡುವ ಸೈಟ್ ಯಾವುದೆಂದರೆ ಇದೇ. ಸೈಟನ್ನು ಮುಟ್ಟದ ಕ್ಲೈಂಟ್‌ಗೆ, ಕೋಡ್ ಬರೆಯಲು ಬರುವ ನಿಮಗೆ, ಇದಕ್ಕಿಂತ ಸುಲಭದ ಜೋಡಿ ಇಲ್ಲ.

ಕ್ಲೈಂಟ್ ತಿದ್ದಬೇಕು ಎಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಡೆಕ್ಯಾಪ್ ಸಿಎಂಎಸ್‌ನಂಥದ್ದನ್ನು ಜೋಡಿಸಬಹುದು, ಸ್ಯಾನಿಟಿ ಅಥವಾ ಸ್ಟ್ರಾಪಿಯಂಥ ಹೆಡ್‌ಲೆಸ್ ಸಿಎಂಎಸ್ (ಬರಹ ಮಾತ್ರ ಇಟ್ಟುಕೊಳ್ಳುವ, ಪುಟ ತೋರಿಸದ ವ್ಯವಸ್ಥೆ) ಇಡಬಹುದು. ಆದರೆ ತಿದ್ದಿ ಸೇವ್ ಮಾಡಿದ್ದು ಬಿಲ್ಡ್, ಅಂದರೆ ಪುಟಗಳನ್ನು ಮತ್ತೆ ತಯಾರಿಸುವ ಕೆಲಸ, ಮುಗಿದ ಮೇಲಷ್ಟೇ ಕಾಣುತ್ತದೆ. ಆ ಒಂದೆರಡು ನಿಮಿಷದೊಳಗೆ "ಸೇವ್ ಆಗ್ತಿಲ್ಲ" ಎಂಬ ಮೆಸೇಜ್ ಬಂದೇ ಬರುತ್ತದೆ. ಫಾರ್ಮ್‌ಗೂ ಬೇರೆ ಸೇವೆ ಬೇಕು. ಇಷ್ಟೆಲ್ಲ ಜೋಡಿಸುವ ಹೊತ್ತಿಗೆ ವರ್ಡ್‌ಪ್ರೆಸ್‌ನಲ್ಲೇ ಮುಗಿಸಬಹುದಿತ್ತು ಅನಿಸುವುದು ಸಹಜ, ಹೆಚ್ಚಿನ ಸಲ ಅದು ನಿಜವೂ ಹೌದು.

ಮೂರರಲ್ಲಿ ಯಾವುದು? ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಸಹವಾಸ ಬೇಡ ಎಂದರೆ ಹೂಗೋ. ಅದು ಒಂದೇ ಪ್ರೋಗ್ರಾಂ ಫೈಲ್, ಆ ಆವೃತ್ತಿಯನ್ನು ಎತ್ತಿಟ್ಟುಕೊಂಡರೆ ಮೂರು ವರ್ಷ ಬಿಟ್ಟು ಬಂದರೂ ಅದೇ ಸೈಟ್ ಬಿಲ್ಡ್ ಆಗುತ್ತದೆ. ಟೆಂಪ್ಲೇಟ್ ಭಾಷೆ ಮಾತ್ರ ಸ್ವಲ್ಪ ವಿಚಿತ್ರ. 2021ರಲ್ಲಿ ಬಂದ ಆಸ್ಟ್ರೋದಲ್ಲಿ ಬರೆಯುವುದು ಹಿತ, ಕಾಂಪೊನೆಂಟ್‌ಗಳನ್ನು ಒಂದು ಸೈಟಿನಿಂದ ಇನ್ನೊಂದಕ್ಕೆ ಒಯ್ಯುವುದೂ ಸಲೀಸು. ಆದರೆ ಆವೃತ್ತಿಗಳು ಬೇಗ ಬೇಗ ಬದಲಾಗುತ್ತವೆ. ಪ್ಯಾಕೇಜ್ ಲಾಕ್ ಫೈಲ್ (ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಎಂಬ ಪಟ್ಟಿ), ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಆವೃತ್ತಿ ಎರಡನ್ನೂ ಪ್ರಾಜೆಕ್ಟ್‌ನಲ್ಲೇ ಬರೆದಿಡದಿದ್ದರೆ ಒಂದು ಫೋನ್ ನಂಬರ್ ಬದಲಿಸಲು ಅರ್ಧ ದಿನ ಹೋಗಬಹುದು. ಇಲೆವೆಂಟಿ ಇವೆರಡರ ನಡುವೆ ನಿಲ್ಲುತ್ತದೆ.

ಸಿಎಸ್‌ಎಸ್ (ಪುಟದ ರೂಪ ಬರೆಯುವ ಭಾಷೆ) ವಿಷಯದಲ್ಲಿ ಬೂಟ್‌ಸ್ಟ್ರಾಪೋ ಟೈಲ್‌ವಿಂಡೋ ಎಂದು ವಾದ ಮಾಡುವುದರಲ್ಲಿ ಅರ್ಥವಿಲ್ಲ. ನಿಮಗೆ ನೋಡದೆ ಬರೆಯಲು ಬರುವುದು ಯಾವುದೋ ಅದೇ ವೇಗ.

ಎಐ ಎಲ್ಲಿ ಉಪಯೋಗ?

ಎಐನಿಂದ ಇಡೀ ಸೈಟ್ ಕಟ್ಟಿಸುವ ಡೆಮೊಗಳು ನೋಡಲು ಚೆಂದ. ಕ್ಲೈಂಟ್ ಕೆಲಸದಲ್ಲಿ ಅದು ನಿಜವಾಗಿ ಸಮಯ ಉಳಿಸುವುದು ಬೇಜಾರಿನ ಕೆಲಸಗಳಲ್ಲಿ. ಹಳೆಯ ಸೈಟಿನ ಇನ್ನೂರು ವಿಳಾಸಗಳನ್ನು ಹೊಸ ವಿಳಾಸಗಳಿಗೆ ಜೋಡಿಸಿ ಪಟ್ಟಿ ಮಾಡಲು, ಅಡ್ಡಾದಿಡ್ಡಿ ಎಕ್ಸೆಲ್ ಫೈಲನ್ನು ಇಂಪೋರ್ಟ್ ಮಾಡುವ ರೂಪಕ್ಕೆ ತರಲು, ಚಿತ್ರಗಳ ಆಲ್ಟ್ ಬರಹದ (ಚಿತ್ರ ಕಾಣದವರಿಗೆ ಅದರ ವಿವರಣೆ) ಮೊದಲ ಕರಡಿಗೆ, ಚಿಕ್ಕ ಸ್ಕ್ರಿಪ್ಟ್ ಬರೆಸಲು ಕೊಡಿ. ಕಂಪನಿಯ ಇತಿಹಾಸ, ಸೇವೆಯ ವಿವರ, ದರ ಇವನ್ನು ಅದರ ಕೈಗೆ ಬಿಟ್ಟರೆ ಇಲ್ಲದ್ದನ್ನೂ ಸೇರಿಸಿ ಬರೆಯುತ್ತದೆ. ಅದನ್ನು ಹುಡುಕಿ ತೆಗೆಯುವುದು ಹೊಸದಾಗಿ ಬರೆಯುವುದಕ್ಕಿಂತ ನಿಧಾನ.

ಬರಹ ಮೊದಲೋ, ವಿನ್ಯಾಸ ಮೊದಲೋ

ಟೂಲ್‌ಗಳ ನಡುವಿನ ವ್ಯತ್ಯಾಸವೆಲ್ಲ ಸೇರಿದರೂ ಈ ಒಂದು ಆಯ್ಕೆಯಷ್ಟು ಸಮಯ ಉಳಿಸುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ವಿನ್ಯಾಸ ಮೊದಲು ಮಾಡಿದರೆ ಲೋರೆಮ್ ಇಪ್ಸಮ್ ಎಂಬ ಜಾಗ ತುಂಬುವ ಬರಹ ಹಾಕಿ, ಫಿಗ್ಮಾ ಎಂಬ ವಿನ್ಯಾಸದ ಟೂಲ್‌ನಲ್ಲಿ ಚೆಂದದ ಪುಟ ತೋರಿಸುತ್ತೀರಿ. ಕ್ಲೈಂಟ್ ಖುಷಿಯಾಗಿ ಒಪ್ಪುತ್ತಾರೆ. ಆಮೇಲೆ ಬರಹ ಬರುತ್ತದೆ. ಮೂರು ಸಾಲಿಗೆ ಮಾಡಿದ ಜಾಗಕ್ಕೆ ಹದಿನಾಲ್ಕು ಸಾಲು. ಆರು ಸೇವೆಗಳ ಪೆಟ್ಟಿಗೆ ಇಟ್ಟಿದ್ದೀರಿ, ಅವರಿಗೆ ಇರುವುದು ನಾಲ್ಕೇ. ತಂಡದ ಫೋಟೋ ಒಬ್ಬರದು ಕಾರಿನಲ್ಲಿ, ಇನ್ನೊಬ್ಬರದು ಮದುವೆಯಲ್ಲಿ ತೆಗೆದದ್ದು. ವಿನ್ಯಾಸ ಮತ್ತೆ ಮೊದಲಿನಿಂದ.

ಬರಹ ಮೊದಲು ಬೇಕು ಎಂದರೆ ಕ್ಲೈಂಟ್ ತಿಂಗಳುಗಟ್ಟಲೆ ಕಳಿಸುವುದಿಲ್ಲ. ಇದೂ ನಿಜ. ಖಾಲಿ ಕಾಗದ ಕೊಟ್ಟು ಬರೆಯಿರಿ ಎಂದರೆ ಯಾರಿಗಾದರೂ ಕಷ್ಟವೇ. ಇದಕ್ಕೆ ನಡುವಿನ ದಾರಿ ಇದೆ: ಮುಕ್ಕಾಲು ಗಂಟೆ ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡು, ಕರಡನ್ನು ನೀವೇ ಬರೆದು ಕೊಡಿ. ಬರೆಯಲು ಕೂರದವರು ತಪ್ಪು ಹುಡುಕಲು ಅದೇ ದಿನ ಕೂರುತ್ತಾರೆ. ಪುಟಕ್ಕೊಂದು ಗೂಗಲ್ ಡಾಕ್ ಮಾಡಿ, ಶೀರ್ಷಿಕೆ, ಬಟನ್ ಮೇಲಿನ ಮಾತು, ಫೋಟೋ ಜಾಗ ಎಲ್ಲ ಅದರಲ್ಲೇ ಗುರುತಿಸಿ. ಈ ಕೆಲಸಕ್ಕೆ ಬೇರೆಯಾಗಿ ಹಣ ಕೇಳಿ, ಸುಮ್ನೆ ಮಾಡಿಕೊಡಬೇಡಿ.

ತಿದ್ದುಪಡಿಗೂ ಇದೇ ನಿಯಮ. ವಾಟ್ಸ್ಆ್ಯಪ್‌ನಲ್ಲಿ ಅರ್ಧ, ಇಮೇಲ್‌ನಲ್ಲಿ ಅರ್ಧ, ಫೋನ್‌ನಲ್ಲಿ ಉಳಿದದ್ದು ಬಂದರೆ ಅದನ್ನು ಒಟ್ಟುಮಾಡುವುದೇ ಒಂದು ಕೆಲಸ. ಎರಡು ಸುತ್ತು ತಿದ್ದುಪಡಿ, ಒಂದೇ ಜಾಗದಲ್ಲಿ, ಒಬ್ಬರೇ ಕೊನೆಯ ಮಾತು ಹೇಳುವವರು ಎಂದು ಒಪ್ಪಂದದಲ್ಲಿ ಬರೆಯಿರಿ. ಒಬ್ಬರು ಒಪ್ಪಿದ್ದನ್ನು ಅವರ ಪಾಲುದಾರರು ಬಂದು ಬೇಡ ಎನ್ನುವುದು ಈ ಕೆಲಸದಲ್ಲಿ ತೀರಾ ಮಾಮೂಲು.

ಲೈವ್ ಮಾಡುವ ದಿನ

ಈ ಭಾಗದಲ್ಲಿ ಬಿಲ್ಡರ್‌ಗಳಿಗೆ ಪೂರ್ತಿ ಅಂಕ, ಯಾಕೆಂದರೆ ಅರ್ಧ ತಲೆನೋವು ಅವರದೇ. ವರ್ಡ್‌ಪ್ರೆಸ್, ಸ್ಟಾಟಿಕ್ ಸೈಟ್‌ಗಳಲ್ಲಿ ನೀವೇ ನೋಡಬೇಕು. ಹಿಂದಿನ ದಿನವೇ ಡಿಎನ್‌ಎಸ್ ದಾಖಲೆಯ (ಡೊಮೈನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಎನ್ನುವುದು) ಟಿಟಿಎಲ್ ಅನ್ನು, ಅಂದರೆ ಹಳೆಯ ಉತ್ತರ ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿಡಿ, ಬದಲಾವಣೆ ಬೇಗ ಹರಡುತ್ತದೆ, ಎಡವಟ್ಟಾದರೆ ಹಿಂದಕ್ಕೆ ಹೋಗುವುದೂ ಬೇಗ. ಸೈಟಿಗೆ ಬೇಕಾದ ದಾಖಲೆ ಮಾತ್ರ ಬದಲಿಸಿ. ಈ ದಾಖಲೆಗಳನ್ನೆಲ್ಲ ಇಡುವ ನೇಮ್‌ಸರ್ವರ್ ಪೂರ್ತಿ ಬದಲಿಸಿ, ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ನಕಲು ಮಾಡಲು ಮರೆತರೆ ಕ್ಲೈಂಟ್‌ನ ಇಮೇಲ್ ನಿಂತುಹೋಗುತ್ತದೆ. ಸೈಟ್ ಒಂದು ದಿನ ತಡವಾದರೆ ಸಹಿಸುತ್ತಾರೆ, ಇಮೇಲ್ ಒಂದು ಗಂಟೆ ನಿಂತರೆ ಸಹಿಸುವುದಿಲ್ಲ.

ಇನ್ನೆರಡು ಸಂಗತಿ. ವರ್ಡ್‌ಪ್ರೆಸ್‌ನಲ್ಲಿ ಸರ್ಚ್ ಎಂಜಿನ್ ಬರದಂತೆ ತಡೆಯುವ ಟಿಕ್ ತೆಗೆದಿರಾ ನೋಡಿ. ಫಾರ್ಮ್ ಇಮೇಲ್ ಅನ್ನು ಸರ್ವರ್‌ನಿಂದ ನೇರ ಕಳಿಸದೆ ಎಸ್‌ಎಂಟಿಪಿ (ಇಮೇಲ್ ಕಳಿಸುವ) ಸೇವೆ ಮೂಲಕ ಕಳಿಸಿ, ಡೊಮೈನ್‌ಗೆ ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಜಕ್ಕೂ ಆ ಡೊಮೈನ್‌ನಿಂದಲೇ ಬಂದಿದೆ ಎಂದು ತೋರಿಸುವ ದಾಖಲೆಗಳು) ಹಾಕಿ. ಆರು ತಿಂಗಳ ಮೇಲೆ ಬರುವ ಆ ಫೋನ್ ಕರೆಗೆ ಕಾರಣ ಹೆಚ್ಚಾಗಿ ಇದೇ: ಫಾರ್ಮ್ ಸರಿಯಾಗೇ ಇರುತ್ತದೆ, ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿರುತ್ತದೆ.

ಹಾಗಾದರೆ ಯಾವುದು?

ಎಂದೂ ಬದಲಾಗದ ಚಿಕ್ಕ ಸೈಟ್, ನಿಮಗೆ ಕೋಡ್ ಬರುತ್ತದೆ ಎಂದರೆ ಸ್ಟಾಟಿಕ್. ಕೋಡ್ ಬರುವುದಿಲ್ಲ, ಅಥವಾ ಒಪ್ಪಿಸಿದ ಮೇಲೆ ಸಂಬಂಧವೇ ಬೇಡ ಎಂದರೆ ಸ್ಕ್ವೇರ್‌ಸ್ಪೇಸ್ ಅಥವಾ ವಿಕ್ಸ್. ವಿನ್ಯಾಸವೇ ಮುಖ್ಯ, ಬರಹ ಕಡಿಮೆ ಎಂದರೆ ವೆಬ್‌ಫ್ಲೋ. ಕ್ಲೈಂಟ್ ನಿಜವಾಗಿ ಬರೆಯುತ್ತಾರೆ, ಸೈಟ್ ಬೆಳೆಯುತ್ತದೆ ಎಂದರೆ ನಿಮ್ಮದೇ ಥೀಮ್ ಇರುವ ವರ್ಡ್‌ಪ್ರೆಸ್. ಆದರೆ ಇವುಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಿ, ಉಳಿದ ಕೆಲಸ ಬಂದರೆ ಗೊತ್ತಿರುವ ಬೇರೆಯವರಿಗೆ ಕಳಿಸಿ. ಪ್ರತಿ ಕ್ಲೈಂಟ್‌ಗೆ ಹೊಸ ಟೂಲ್ ಕಲಿಯುವ ಸಮಯವನ್ನು ಯಾವ ಟೂಲೂ ಹಿಂದಕ್ಕೆ ಕೊಡುವುದಿಲ್ಲ.

ಹಳೆಯ ಸೈಟ್ ಹಿಡಿದುಕೊಂಡು ಬರುವ ಕ್ಲೈಂಟ್ ವಿಷಯದಲ್ಲಿ ಮಾತ್ರ ಈ ಲೆಕ್ಕ ಸ್ವಲ್ಪ ಬೇರೆ. ಅದು ವರ್ಡ್‌ಪ್ರೆಸ್ ಆಗಿದ್ದು, ಥೀಮ್‌ಗೆ ಈಗಲೂ ಅಪ್‌ಡೇಟ್ ಬರುತ್ತಿದ್ದರೆ, ರಿಪೇರಿಯೇ ಬೇಗ. ಥೀಮ್ ಮಾಡಿದವರೇ ಕೈಬಿಟ್ಟಿದ್ದರೆ ರಿಪೇರಿಗೆ ಹೋಗಬೇಡಿ, ಒಂದು ಸರಿಮಾಡಿದರೆ ಇನ್ನೆರಡು ಕಾಣುತ್ತವೆ. ಹೊಸದಾಗಿ ಕಟ್ಟುವಾಗಲೂ ಎಲ್ಲ ಪುಟ ಹೊರುವ ಅಗತ್ಯ ಇಲ್ಲ. ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ಕಳೆದ ಒಂದು ವರ್ಷದಲ್ಲಿ ಜನ ಗೂಗಲ್ ಹುಡುಕಾಟದಿಂದ ಯಾವ ಪುಟಗಳಿಗೆ ಬಂದಿದ್ದಾರೆ ಎಂದು ನೋಡಿ. ಎಂಬತ್ತು ಪುಟದ ಸೈಟ್‌ನಲ್ಲಿ ಹದಿನೈದಕ್ಕೆ ಮಾತ್ರ ಜನ ಬರುತ್ತಿರಬಹುದು. ಆ ಹದಿನೈದನ್ನು ಚೆನ್ನಾಗಿ ಬರೆಯಿರಿ, ಉಳಿದವುಗಳಲ್ಲಿ ವಿಷಯ ಹತ್ತಿರ ಇರುವವನ್ನು 301 ರೀಡೈರೆಕ್ಟ್ ಮಾಡಿ (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸಿ), ಮಿಕ್ಕದ್ದನ್ನು ಕ್ಲೈಂಟ್‌ಗೆ ಕೇಳಿ ಅಳಿಸಿ.